ಮಳೆಯಲ್ಲಿ ಹೋದ ಬೆಕ್ಕು ಒಣಗಿ ಬರುತ್ತದೆ, ಇದು ಹೇಗೆ?

ಮಾದಾಪುರ ಮೇಷ್ಟ್ರು (ಜುಲೈ 19, ರಾತ್ರಿ 8:40)

ಬೆಕ್ಕು ಸಾಕಿದವರು ಸ್ವಲ್ಪ ಸಹಾಯ ಮಾಡಿ. ನಾವು ಬಯಲುಸೀಮೆಯವರು. ಕೆಲಸದ ಮೇಲೆ ಇಲ್ಲಿಗೆ, ಕೊಡಗಿನ ಮಾದಾಪುರದ ಹತ್ತಿರ, ಬಂದು ಎರಡು ವರ್ಷ ಆಯಿತು. ತೋಟದ ಅಂಚಿನಲ್ಲಿ ಹೆಂಚಿನ ಮನೆ, ಬಾಡಿಗೆಗೆ. ಹೋದ ಹುತ್ತರಿ (ಇಲ್ಲಿಯ ಸುಗ್ಗಿ ಹಬ್ಬ) ಹೊತ್ತಿಗೆ ಒಂದು ಬೆಕ್ಕಿನ ಮರಿ ತಾನಾಗಿಯೇ ಬಂದು ಸೇರಿಕೊಂಡಿತು. ಬಣ್ಣ ಥೇಟ್ ಕೊಡಗಿನ ಕಿತ್ತಳೆಯದು. ಹಾಗಾಗಿ ಹೆಸರು ಕಿತ್ಲೆ. ಗಂಡು.

ಈಗ ವಿಷಯಕ್ಕೆ ಬರುತ್ತೇನೆ. ಕಿತ್ಲೆ ದಿನಾ ಬೆಳಿಗ್ಗೆ ಏಳಕ್ಕೆ ಮನೆ ಬಿಡುತ್ತಾನೆ, ಸಂಜೆ ಆರೂವರೆಗೆ ವಾಪಸ್. ನನಗಿಂತ ಶಿಸ್ತು. ಹೋದ ವಾರ ನಮಗೆ ಮೂರು ದಿನ ಮಳೆ ರಜೆ ಸಿಕ್ಕಿತು, ಅವನಿಗೆ ಮಾತ್ರ ರಜೆ ಇಲ್ಲ! ಮೊದಲನೇ ದಿನ ಬೆಳಿಗ್ಗೆಯಿಂದ ಸುರಿಯೋದು ನಿಂತೇ ಇರಲಿಲ್ಲ. ಸಂಜೆ ಐದು ನಿಮಿಷ ಹೊಳವಾಯಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಬಂದು ನಿಂತ. ಕಾಲು ಮಾತ್ರ ಒದ್ದೆ. ಬೆನ್ನು, ಹೊಟ್ಟೆ ಎಲ್ಲ ಒಣಗಿ ಗರಿಗರಿ. ಎತ್ತಿಕೊಂಡರೆ ಮೈಯೆಲ್ಲ ಸೌದೆ ಹೊಗೆ ವಾಸನೆ.

ನಮ್ಮ ಮನೆಯಲ್ಲಿ ಇರೋದು ಗ್ಯಾಸ್ ಒಲೆ ಮಾತ್ರ.

ಇನ್ನೊಂದು ವಿಷಯ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಮಳೆಗೆ ಒಳಗೇ ಹಗ್ಗ ಕಟ್ಟಿ ಬಟ್ಟೆ ಹರವಿದ್ದೇವೆ. ಅಲ್ಲಿಂದ ನನ್ನ ಕಾಲುಚೀಲ ಒಂದೊಂದೇ ಮಾಯ ಆಗುತ್ತಿವೆ. ಜೋಡಿ ಹೋಗಲ್ಲ, ಒಂಟಿಯೇ ಹೋಗೋದು. ಈವರೆಗೆ ನಾಲ್ಕು.

ಮೂರು ಬೆಕ್ಕಿನ ಮನೆ (ಜುಲೈ 19, ರಾತ್ರಿ 9:05)

ಮೇಷ್ಟ್ರೇ, ನಿಮ್ಮ ಬೆಕ್ಕಿಗೆ ಇನ್ನೊಂದು ಸಂಸಾರ ಇದೆ. ಬೇಜಾರು ಮಾಡ್ಕೋಬೇಡಿ.

ಸುಮ್ನೆ ಓದೋನು (ಜುಲೈ 19, ರಾತ್ರಿ 9:11)

ಇದಕ್ಕೇ ನಾನು ನಾಯಿ ಸಾಕೋದು.

ಕಣದ ಕಾವಲು (ಜುಲೈ 19, ರಾತ್ರಿ 9:50)

ಸಂಸಾರದ ಮಾತು ಆಮೇಲೆ. ಮೊದಲು ಒಲೆ ನೋಡಿ ಮೇಷ್ಟ್ರೇ. ನಿಮ್ಮ ಮನೆಯದಲ್ಲ, ಅಕ್ಕಪಕ್ಕದ ಬಚ್ಚಲ ಒಲೆ. ಕಕ್ಕಡ ತಿಂಗಳಲ್ಲಿ, ಅಂದರೆ ಈ ಜೋರು ಮಳೆಗಾಲದಲ್ಲಿ, ಕೊಡಗಿನ ಬೆಕ್ಕುಗಳೆಲ್ಲ ಇರೋದು ಅಲ್ಲೇ. ರಾತ್ರಿ ಬೆಂಕಿ ಆರಿದ ಮೇಲೆ ಬೂದಿಯೊಳಗೆ ಹೋಗಿ ಸುತ್ತಿಕೊಂಡು ಮಲಗುತ್ತವೆ. ಹಿಂದೆ 'ಆ ಮನೆ ಒಲೆಯಲ್ಲಿ ಬೆಕ್ಕು ಮಲಗಿದೆ' ಅಂದರೆ ಅಡುಗೆ ಮಾಡೋಕೆ ಗತಿ ಇಲ್ಲ ಅಂತ ಅರ್ಥ. ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಊಟ ಇದ್ದರೂ ಮಲಗುತ್ತೆ. ನಮ್ಮದು ಬಿಳಿ ಬೆಕ್ಕು ಅಂತ ಬೇಸಿಗೆಯಲ್ಲಿ ಮಾತ್ರ ಗೊತ್ತಾಗೋದು.

ಸೌದೆ ಇಡೋ ಮೊದಲು ಕೋಲು ಹಾಕಿ ಒಂದು ಸಲ ಕೆದಕಲೇಬೇಕು. ನಮ್ಮಲ್ಲಿ ಅದು ಮನೆ ಕಾನೂನು. ಜೀಪು ಸ್ಟಾರ್ಟ್ ಮಾಡೋ ಮೊದಲು ಬಾನೆಟ್ ಮೇಲೆ ಎರಡು ಸಲ ಗುದ್ದೋದೂ ಅಷ್ಟೇ. ಇಂಜಿನ್ ಬಿಸಿ ಇದ್ದರೆ ಒಳಗೆ ಹೋಗಿ ಕೂತಿರುತ್ತವೆ.

ದನದ ಡಾಕ್ಟ್ರು, ಈಗ ರಜೆ (ಜುಲೈ 20, ಬೆಳಿಗ್ಗೆ 6:20)

ನಿವೃತ್ತಿ ಆದ ಮೇಲೂ ಆರಕ್ಕೇ ಎಚ್ಚರ ಆಗುತ್ತೆ. ಸರಿ, ಬರೆಯೋಣ.

ಬೆಕ್ಕಿನ ಮೈ ಬಿಸಿಯೇ 38ರಿಂದ 39 ಡಿಗ್ರಿ. ಸುತ್ತಲಿನ ಗಾಳಿ 30 ಡಿಗ್ರಿ ದಾಟಿದರೆ ಅದಕ್ಕೆ ನಿಜವಾದ ಹಾಯ್. ಜುಲೈ ತಿಂಗಳಲ್ಲಿ ಮಡಿಕೇರಿ ಕಡೆ ಹಗಲು ಹೊತ್ತಲ್ಲೇ 20ರ ಆಸುಪಾಸು. ಪಾಪ, ಒಲೆ ಬಿಟ್ಟು ಬೇರೆ ಎಲ್ಲಿಗೆ ಹೋಗಬೇಕು? ನೀವು ಕಂಬಳಿ ಹೊದೆಯುತ್ತೀರಿ, ಅದು ಬೂದಿ ಹೊದೆಯುತ್ತದೆ.

ಕಿತ್ತಳೆ ಬಣ್ಣದ್ದು ಅಂದಿರಲ್ಲ, ಗಂಡು ಅನ್ನೋದರಲ್ಲಿ ಆಶ್ಚರ್ಯ ಇಲ್ಲ. ಆ ಬಣ್ಣದ ಐದು ಬೆಕ್ಕಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಡೇ ಇರುತ್ತವೆ. ಬಣ್ಣದ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಅದು ಒಂದೇ, ಹಾಗಾಗಿ ಒಂದು ಕಡೆಯಿಂದ ಬಂದರೆ ಸಾಕು. ಹೆಣ್ಣಿಗೆ ಎರಡು, ಎರಡರಲ್ಲೂ ಬರಬೇಕು. ಒಂದರಲ್ಲಿ ಮಾತ್ರ ಬಂದರೆ ಕಪ್ಪು ಕಿತ್ತಳೆ ಕಲಸಿದ ಹಾಗೆ ಆಗುತ್ತದೆ. ಆ ಜೀನ್ ಯಾವುದು ಅಂತ ಜಪಾನಿನ ಮತ್ತು ಅಮೆರಿಕದ ಎರಡು ತಂಡಗಳು 2025ರಲ್ಲಷ್ಟೇ ಕಂಡುಹಿಡಿದವು.

ಕಾಲುಚೀಲದ ವಿಷಯ ನನಗೂ ಅರ್ಥ ಆಗಲಿಲ್ಲ.

ಪೇಟೆ ಪೋರಿ (ಜುಲೈ 20, ಮಧ್ಯಾಹ್ನ 1:15)

ಕಾಲುಚೀಲ ಅಂದ ತಕ್ಷಣ ನೆನಪಾಯ್ತು. ನಮ್ಮ ವಿರಾಜಪೇಟೆ ಮನೆಯ ಚಿನ್ನಿ ಅಪ್ಪನ ಕಾಲುಚೀಲ ಮೂಸಿ ಬಾಯಿ ಅರ್ಧ ತೆಗೆದು, ಮೂತಿ ಸೊಟ್ಟ ಮಾಡಿ, ಹಾಗೇ ಕಲ್ಲಿನ ಹಾಗೆ ನಿಲ್ಲುತ್ತಾಳೆ. ಅಪ್ಪನಿಗೆ ಅವಮಾನ. 'ಅಷ್ಟು ನಾತ ಇಲ್ಲಪ್ಪಾ' ಅಂತ ದಿನಾ ಅವಳ ಹತ್ತಿರ ವಾದ ಮಾಡುತ್ತಾರೆ.

ದನದ ಡಾಕ್ಟ್ರು, ಈಗ ರಜೆ (ಜುಲೈ 20, ಮಧ್ಯಾಹ್ನ 2:02)

ನಿಮ್ಮ ಅಪ್ಪನಿಗೆ ಹೇಳಿ, ಅದು ಅಸಹ್ಯ ಅಲ್ಲ. ಬೆಕ್ಕಿನ ಅಂಗುಳದಲ್ಲಿ, ಮೇಲಿನ ಮುಂಹಲ್ಲಿನ ಹಿಂದೆ, ಎರಡು ಸಣ್ಣ ತೂತು ಇವೆ. ಅಲ್ಲಿಂದ ವಾಸನೆ ಹಿಡಿಯೋ ಇನ್ನೊಂದು ಅಂಗಕ್ಕೆ ದಾರಿ. ಬಾಯಿ ತೆಗೆದು ವಾಸನೆಯನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಹೋರಿ, ಕುದುರೆ ಕೂಡ ತುಟಿ ಮೇಲೆತ್ತಿ ಇದನ್ನೇ ಮಾಡೋದು. ಅಪ್ಪನನ್ನು ಗಮನ ಕೊಟ್ಟು ಓದುತ್ತಿದ್ದಾಳೆ ಅಂದುಕೊಳ್ಳಲಿ.

ಮಾದಾಪುರ ಮೇಷ್ಟ್ರು (ಜುಲೈ 22, ರಾತ್ರಿ 7:30)

ಹೊಸ ಸಮಾಚಾರ. ನಿನ್ನೆ ಬೆಳಿಗ್ಗೆ ಹೋಗುವಾಗ ಮುಂಗಾಲಿನ ಬೆರಳಸಂದಿಯಲ್ಲಿ ಇಂಬಳ (ಜಿಗಣೆ) ಕಚ್ಚಿ ರಕ್ತ ಜಿನುಗುತ್ತಿತ್ತು. ಹಿಡಿದು ಒರೆಸೋಣ ಅಂದರೆ ಕೈಗೆ ಸಿಗಲಿಲ್ಲ, ಮಳೆಯಲ್ಲೇ ಓಡಿದ. ಸಂಜೆ ಬಂದಾಗ ನೋಡುತ್ತೇನೆ, ಆ ಬೆರಳು ಹಳದಿ. ಅರಿಶಿನ! ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನೀಟಾಗಿ ಹಚ್ಚಿದ್ದಾರೆ.

ನನ್ನ ಹೆಂಡತಿ ಮುಖ ಊದಿಸಿಕೊಂಡಿದ್ದಾಳೆ. ನಮ್ಮ ಕೈಗೆ ಕಾಲು ಕೊಡದವನು ಯಾರ ಕೈಗೆ ಕೊಟ್ಟ ಅಂತ.

ಮೂರು ಬೆಕ್ಕಿನ ಮನೆ (ಜುಲೈ 22, ರಾತ್ರಿ 7:34)

ಹೇಳಿದೆನಲ್ಲ!

ದನದ ಡಾಕ್ಟ್ರು, ಈಗ ರಜೆ (ಜುಲೈ 22, ರಾತ್ರಿ 8:15)

ಯಾರೋ ಪುಣ್ಯಾತ್ಮರು, ಸುಣ್ಣ ಹಚ್ಚಿಲ್ಲವಲ್ಲ. ನಮ್ಮ ಕಡೆ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚೋದು ರೂಢಿ. ಮನುಷ್ಯರಿಗೆ ನಡೆಯುತ್ತದೆ. ಬೆಕ್ಕು ನೆಕ್ಕಿಕೊಳ್ಳುತ್ತದೆ, ನಾಲಿಗೆ ಸುಡುತ್ತದೆ, ಹೊಗೆಸೊಪ್ಪು ಅಂತೂ ವಿಷ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇದೆ, ಅದಕ್ಕೇ ಬಿದ್ದುಹೋದ ಮೇಲೂ ಸುಮಾರು ಹೊತ್ತು ಜಿನುಗೋದು. ಗಾಬರಿ ಬೇಡ. ಬಟ್ಟೆ ಒತ್ತಿ ಹಿಡಿದರೆ ಸಾಕು. ಮೂಗಿನೊಳಗೆ ಹೊಕ್ಕರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ಇದೇ ಉಸಿರಿನಲ್ಲಿ ಇನ್ನೊಂದು. ಬೆಕ್ಕು ಮಂಕಾಗಿದೆ ಅಂತ ಜ್ವರದ ಮಾತ್ರೆ ಅರ್ಧ ಮುರಿದು ಕೊಡುವವರು ಇದ್ದಾರೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಕ್ಕೇ ಕುತ್ತು. ನಾಯಿಯ ಉಣ್ಣೆ ಹುಳಕ್ಕೆ ಹಾಕೋ ಪರ್ಮೆಥ್ರಿನ್ ಔಷಧಿಯೂ ಅಷ್ಟೇ. ಅಂಗಳದಲ್ಲಿ ಲಿಲ್ಲಿ ಹೂ ಬೆಳೆಸಿದವರು ಬೆಕ್ಕು ಅದನ್ನು ಅಗಿಯದ ಹಾಗೆ ನೋಡಿಕೊಳ್ಳಿ. ಮೂತ್ರಪಿಂಡ ಹೋಗುತ್ತದೆ.

ಕುಟ್ಟದ ಕಡೆಯವಳು (ಜುಲೈ 23, ಬೆಳಿಗ್ಗೆ 10:40)

ಅಗಿಯೋ ವಿಷಯ ಬಂತಲ್ಲ, ನಮ್ಮ ಅಂಗಳದ ಒಂದು ನಾಟಕ ಹೇಳ್ತೇನೆ. ಪಾತಿಯಲ್ಲಿ ಕುಪ್ಪಿಗಿಡ ಕಳೆ ಥರ ಬೆಳೆಯುತ್ತದೆ. ಕಿತ್ತು ಬಿಸಾಕಿದೆ ನೋಡಿ, ಎಲ್ಲಿತ್ತೋ ಏನೋ, ಮುದುಕ ಬೆಕ್ಕು ಓಡಿ ಬಂದ. ಹನ್ನೆರಡು ವರ್ಷದವನು, ಮೆಟ್ಟಿಲು ಹತ್ತೋಕೂ ಯೋಚನೆ ಮಾಡೋನು. ಬೇರನ್ನು ಎರಡು ಕೈಯಲ್ಲಿ ಹಿಡಿದು, ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ಮಣ್ಣಲ್ಲಿ ಹೊರಳಿ, ಹಿಂಗಾಲಲ್ಲಿ ಒದ್ದ. ಹತ್ತು ನಿಮಿಷ. ಆಮೇಲೆ ಎದ್ದು ಏನೂ ಆಗೇ ಇಲ್ಲ ಅನ್ನೋ ಹಾಗೆ ಬಾಲ ನೆಕ್ಕುತ್ತಾ ಕೂತ.

ಗಡಿ ಆಚೆ ಮಲಯಾಳಂನಲ್ಲಿ ಈ ಗಿಡಕ್ಕೆ ಪೂಚ್ಚಮಯಕ್ಕಿ ಅಂತಲೇ ಹೆಸರು. ಪೂಚ್ಚ ಅಂದರೆ ಬೆಕ್ಕು. ಬೆಕ್ಕನ್ನು ಮರುಳು ಮಾಡೋ ಗಿಡ. ಆನ್‌ಲೈನಲ್ಲಿ ಕ್ಯಾಟ್‌ನಿಪ್ ಅಂತ ಪ್ಯಾಕೆಟಿಗೆ ದುಡ್ಡು ಕೊಡೋರು ಮೊದಲು ಹಿತ್ತಲು ನೋಡಿ.

ಕಣದ ಕಾವಲು (ಜುಲೈ 23, ಸಂಜೆ 6:10)

ಹಿತ್ತಲು ಅಂದಿರಿ, ನಾನು ಕಣದ ಕಥೆ ಹೇಳ್ತೇನೆ. ಮಳೆ ಬಿಡೋ ಲಕ್ಷಣ ಇಲ್ಲ, ಕರೆಂಟೂ ಇಲ್ಲ, ಫೋನಿನಲ್ಲಿ ಇನ್ನೂ 60 ಪರ್ಸೆಂಟ್ ಇದೆ.

ಹೋದ ಜನವರಿ, ರೊಬಸ್ಟಾ ಕುಯ್ಲು. ಸಂಜೆ ನಾಲ್ಕೂವರೆಗೆ ಎಲ್ಲರೂ ಚೀಲ ಹೊತ್ತುಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ತೂಕ ಹಾಕಬೇಕು, ರೈಟ್ರು ಬರೆದುಕೊಳ್ಳಬೇಕು. ಕೂಲಿ ಕಿಲೋ ಲೆಕ್ಕ. ಎಲೆಕ್ಟ್ರಾನಿಕ್ ತಕ್ಕಡಿ ಆನ್ ಮಾಡಿದ್ದೇ ತಡ, ನಮ್ಮ ಬಿಳಿ ಬೆಕ್ಕು ಬಂದು ತಟ್ಟೆಯ ನಡುವೆ ಕೂತಿತು. ಕೆಳಗೆ ಕೆಂಪು ಅಕ್ಷರದಲ್ಲಿ 4.3 ಅಂತ ಬಂತು. ಇಳಿಸಿದೆವು. ಮತ್ತೆ ಹತ್ತಿತು. ರೈಟ್ರು ತಲೆ ಎತ್ತದೆ 'ಯಾರಿದು, ಬರೀ ನಾಲ್ಕು ಕಿಲೋ ಕುಯ್ದಿರೋದು?' ಅಂದರು. ಹಿಂದಿನಿಂದ ಒಬ್ಬ ಅಕ್ಕ, 'ಬರ್ಕೊಳ್ಳಿ ಅಣ್ಣಾ, ಹಸಿರು ಕಾಯಿ ಒಂದೂ ಇಲ್ಲ' ಅಂದಳು. ಅವಳಿಗೆ ಆವತ್ತು ಬೆಳಿಗ್ಗೆಯಷ್ಟೇ ಹಸಿರು ಕಾಯಿ ಜಾಸ್ತಿ ಬಂತು ಅಂತ ನಾನೇ ಬೈದಿದ್ದೆ. ಏನು ಹೇಳಲಿ.

ಅದಾದ ಮೇಲೆ ದಿನಾ ಮೊದಲು ಬೆಕ್ಕಿನ ತೂಕ, ಆಮೇಲೆ ಚೀಲದ್ದು. ರೈಟ್ರು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟಿದ್ದಾರೆ. ಕುಯ್ಲು ಮುಗಿಯೋ ಹೊತ್ತಿಗೆ 4.7 ಆಗಿತ್ತು. ಎಲ್ಲರ ಬುತ್ತಿಯ ಮೀನೂ ಅದರ ಹೊಟ್ಟೆಯಲ್ಲೇ.

ಪೇಟೆ ಪೋರಿ (ಜುಲೈ 23, ಸಂಜೆ 6:31)

ಅಣ್ಣಾ, ಕಣದಲ್ಲಿ ಹರವಿದ ಕಾಫಿ ಮೇಲೆ ಬೆಕ್ಕು ಇನ್ನೇನಾದರೂ ಮಾಡಿದರೆ ಪುನುಗು ಬೆಕ್ಕಿನ ಕಾಫಿ ರೇಟು ಸಿಗುತ್ತಾ?

ಕಣದ ಕಾವಲು (ಜುಲೈ 23, ಸಂಜೆ 6:45)

ಮಗಳೇ, ಪುನುಗು ಕಾಫಿ ಹಣ್ಣು ತಿಂದು ಬೀಜ ಹೊರಗೆ ಹಾಕುತ್ತದೆ. ಒಳ್ಳೇ ಹಣ್ಣೇ ಆರಿಸಿ ತಿನ್ನುತ್ತದೆ ಅಂತ ಅದಕ್ಕೆ ಬೆಲೆ. ನಮ್ಮದು ಹಣ್ಣೂ ತಿನ್ನಲ್ಲ, ಬೀಜವೂ ಕೊಡಲ್ಲ, ಕೊಡೋದು ಬೇರೆಯದೇ. ಅದನ್ನು ಗೋರಿ ತೆಗೆಯೋ ಕೂಲಿ ನನ್ನದು. ಅಂದಹಾಗೆ ಪುನುಗು ಹೆಸರಿಗಷ್ಟೇ ಬೆಕ್ಕು, ಅದರ ಕುಟುಂಬವೇ ಬೇರೆ.

ಸುಮ್ನೆ ಓದೋನು (ಜುಲೈ 23, ರಾತ್ರಿ 8:00)

ಬೆಕ್ಕಿಂದ ಉಪಯೋಗ ಏನು ಅಂತ ಇನ್ನೂ ಯಾರೂ ಹೇಳಲಿಲ್ಲ.

ಮೂರು ಬೆಕ್ಕಿನ ಮನೆ (ಜುಲೈ 23, ರಾತ್ರಿ 8:20)

ಉಪಯೋಗ ಬೇಕಾ? ತಗೊಳ್ಳಿ. ನಮ್ಮ ನಡುವಿನವಳು ಮೊನ್ನೆ ಬೇಸಿಗೆಯಲ್ಲಿ ನನ್ನ ದಿಂಬಿನ ಪಕ್ಕ ಹಾರುವ ಓತಿ ತಂದಿಟ್ಟಳು. ಜೀವ ಇತ್ತು. ನಾನು ಕಣ್ಣು ಬಿಟ್ಟಾಗ ಅದು ಮಂಚದ ಕಂಬ ಹತ್ತಿ, ಪಕ್ಕೆಯ ರೆಕ್ಕೆ ಬಿಚ್ಚಿ, ಬೀರುವಿನ ಕಡೆಗೆ ತೇಲಿ ಹೋಯಿತು. ಕಿರುಚಿದ್ದಕ್ಕೆ ಕೆಳಮನೆಯವರು ಬಂದರು. ಅವಳು ಮಾತ್ರ 'ಇಷ್ಟು ಕಷ್ಟಪಟ್ಟು ತಂದಿದ್ದೀನಿ' ಅನ್ನೋ ಮುಖ ಮಾಡಿ ಕೂತಿದ್ದಳು. ಓತಿಯನ್ನು ಬಕೆಟಿನಲ್ಲಿ ಹಿಡಿದು ಮರಕ್ಕೆ ಬಿಟ್ಟೆವು.

ಇದು ಉಪಯೋಗ ಅಲ್ಲ, ಒಪ್ಪಿದೆ. ಸುಮ್ನೆ ಹೇಳಬೇಕು ಅನ್ನಿಸಿತು.

ರಾತ್ರಿ ಅಟ್ಟದ ಕಡೆಗೆ ಕಣ್ಣು ನೆಟ್ಟು ಅರ್ಧ ಗಂಟೆ ಕೂರೋದು ಮಾತ್ರ ಮೂರೂ ಮಾಡುತ್ತವೆ. ನಮ್ಮ ಅತ್ತೆ 'ಮಾವ ಬಂದಿದ್ದಾರೆ' ಅಂತ ದೀಪ ಹಚ್ಚಿಬಿಡುತ್ತಾರೆ. ಡಾಕ್ಟ್ರೇ, ಏನದು?

ದನದ ಡಾಕ್ಟ್ರು, ಈಗ ರಜೆ (ಜುಲೈ 24, ಬೆಳಿಗ್ಗೆ 6:15)

ಅತ್ತೆಯವರ ನಂಬಿಕೆಗೆ ನಾನು ಕೈ ಹಾಕಲ್ಲ. ಅಟ್ಟದಲ್ಲಿ ಇಲಿ ಇದೆಯಾ ನೋಡಿ. ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ, ಬೆಕ್ಕಿನದು 60 ದಾಟುತ್ತದೆ. ಇಲಿ ಮರಿಗಳು ಆ ಎತ್ತರದ ದನಿಯಲ್ಲಿ ಕೂಗಿಕೊಂಡರೆ ನಮಗೆ ಮನೆಯೆಲ್ಲ ನಿಶ್ಶಬ್ದ, ಬೆಕ್ಕಿಗೆ ಸಂತೆ.

ಮಾದಾಪುರ ಮೇಷ್ಟ್ರು (ಆಗಸ್ಟ್ 3, ರಾತ್ರಿ 7:05)

ಎಲ್ಲರೂ ಬನ್ನಿ. ಸಾಕ್ಷಿ ಸಿಕ್ಕಿದೆ. ಇವತ್ತು ಕಿತ್ಲೆ ಬಂದಾಗ ಅವನ ಬಿಳಿ ಮೀಸೆ, ಗದ್ದ ಎಲ್ಲ ನೇರಳೆ. ಶಾಯಿಯೋ ಅಂತ ಹೆದರಿದೆ. ಮೂಸಿದರೆ ತುಪ್ಪದ ವಾಸನೆ, ಜೊತೆಗೆ ಏನೋ ಸೊಪ್ಪಿನ ಘಮ.

ಕಣದ ಕಾವಲು (ಆಗಸ್ಟ್ 3, ರಾತ್ರಿ 7:09)

ಮೇಷ್ಟ್ರೇ! ಇವತ್ತು ಕಕ್ಕಡ ಹದಿನೆಂಟು! ಮದ್ದು ಸೊಪ್ಪಿನ ಪಾಯಸ ಕಣ್ರೀ ಅದು! ಇವತ್ತಿನ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತೆ ಅನ್ನೋದು ನಮ್ಮ ಹಿರಿಯರ ಮಾತು. ಸೊಪ್ಪು ಕುದಿಸಿದ ನೀರು ಥೇಟ್ ಆ ಬಣ್ಣವೇ. ನಿಮ್ಮ ಹುಡುಗ ಹಬ್ಬದ ಊಟ ಮುಗಿಸಿ ಬಂದಿದ್ದಾನೆ. ನಿಮ್ಮ ಸುತ್ತಮುತ್ತ ಸೌದೆ ಒಲೆ ಇಟ್ಟುಕೊಂಡು ಪಾಯಸ ಮಾಡೋ ಮನೆ ಎಷ್ಟಿವೆ? ಹುಡುಕಿ.

ಪೇಟೆ ಪೋರಿ (ಆಗಸ್ಟ್ 3, ರಾತ್ರಿ 7:20)

ಬೆಕ್ಕು ಪಾಯಸ ತಿನ್ನುತ್ತಾ?

ದನದ ಡಾಕ್ಟ್ರು, ಈಗ ರಜೆ (ಆಗಸ್ಟ್ 3, ರಾತ್ರಿ 7:48)

ಸಿಹಿಗೆ ಅಲ್ಲ. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗಲ್ಲ. ನಾಲಿಗೆಯಲ್ಲಿ ಸಿಹಿ ಹಿಡಿಯೋಕೆ ಬೇಕಾದ ಜೀನ್ ಕೆಟ್ಟು ಹೋಗಿದೆ ಅಂತ 2005ರಲ್ಲೇ ಗೊತ್ತಾಗಿದೆ. ಹುಲಿ, ಚೀತಾದಲ್ಲೂ ಹಾಗೇ. ಇವನು ಹೋಗಿರೋದು ತುಪ್ಪಕ್ಕೆ. ಬೆಲ್ಲ ಅವನ ಪಾಲಿಗೆ ಬರೀ ಅಂಟು.

ಹಾಲೂ ಅಷ್ಟೇ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ನಿಜಕ್ಕೂ ಅದೇ ಜಾಣ ಬೆಕ್ಕು. ದೊಡ್ಡದಾದ ಮೇಲೆ ಸುಮಾರು ಬೆಕ್ಕುಗಳಿಗೆ ಹಾಲು ಜೀರ್ಣ ಆಗಲ್ಲ, ಭೇದಿ ಆಗುತ್ತದೆ. ನೀರು ಇಡಿ.

ಮಾದಾಪುರ ಮೇಷ್ಟ್ರು (ಆಗಸ್ಟ್ 9, ರಾತ್ರಿ 8:30)

ಹೋಗಿ ಬಂದೆವು.

ತೋಟದ ಆಚೆ ಇಳಿಜಾರಿನಲ್ಲಿ ಒಂದು ಹಳೇ ಮನೆ ಇದೆ. ಹೊಗೆ ಕಾಣುತ್ತಿತ್ತು, ದಾರಿ ಗೊತ್ತಿರಲಿಲ್ಲ. ಹೆಂಡತಿ ಛತ್ರಿ ಹಿಡಿದು ಮುಂದೆ, ನಾನು ಉಪ್ಪಿನ ಗಂಟು ಹಿಡಿದು ಹಿಂದೆ. ಹತ್ತು ಹೆಜ್ಜೆಗೊಂದು ಇಂಬಳ. ಮನೆಯಲ್ಲಿ ಅಜ್ಜಿ ಒಬ್ಬರೇ. ಮಕ್ಕಳೆಲ್ಲ ಬೆಂಗಳೂರಿನಲ್ಲಂತೆ. 'ಬನ್ನಿ, ಕಾಲು ತೊಳ್ಕೊಳ್ಳಿ' ಅಂದರು, ಯಾರು ಏನು ಅಂತ ಕೇಳೋ ಮೊದಲೇ.

ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಬುಟ್ಟಿ. ಒಲೆ ಪಕ್ಕ ಮಣೆ, ಮಣೆ ಮೇಲೆ ನಮ್ಮ ಕಿತ್ಲೆ. ನಮ್ಮನ್ನು ನೋಡಿದ. ಒಂದು ಕಣ್ಣು ತೆಗೆದ, ಮುಚ್ಚಿದ. ಗುರುತು ಪರಿಚಯ ಏನೂ ಇಲ್ಲ!

'ನಮ್ಮ ಸುಬೇದಾರ್' ಅಂದರು ಅಜ್ಜಿ. ಮೀಸೆ ನೋಡಿ ಇಟ್ಟ ಹೆಸರಂತೆ. ಅವರ ಯಜಮಾನರು ಮಿಲಿಟರಿಯಲ್ಲಿದ್ದವರು, ಗೋಡೆಯ ಮೇಲೆ ಫೋಟೋ ಇತ್ತು. ಮೀಸೆ ನಿಜಕ್ಕೂ ಹಾಗೇ. ಹೋದ ಹುತ್ತರಿಯಿಂದ ಬರುತ್ತಿದ್ದಾನಂತೆ, ಬೆಳಿಗ್ಗೆ ಏಳೂಕಾಲಿಗೆ ಹಾಜರ್. ಬಂದ ಕೂಡಲೇ ಅಜ್ಜಿಯ ಮಡಿಲು ಹತ್ತಿ, ಸೀರೆಯನ್ನು ಎರಡು ಕೈಯಲ್ಲೂ ಹಿಟ್ಟು ನಾದಿದ ಹಾಗೆ ನಾದುತ್ತಾನಂತೆ. ನನ್ನ ಹೆಂಡತಿ ಸುಮ್ಮನಾದಳು. ಅವಳ ಮಡಿಲಲ್ಲಿ ಅವನು ಒಂದು ದಿನವೂ ಹಾಗೆ ಮಾಡಿಲ್ಲ.

ಅಜ್ಜಿ ಎದ್ದು ಒಂದು ಬಿದಿರಿನ ಬುಟ್ಟಿ ತಂದರು. 'ಇವನು ಏನೇನೋ ತರ್ತಾನೆ, ಯಾರದೋ ಪಾಪ, ಎತ್ತಿಟ್ಟಿದ್ದೇನೆ' ಅಂದರು. ನನ್ನ ಕಾಲುಚೀಲ! ಒಗೆದು, ಒಲೆ ಮೇಲೆ ಒಣಗಿಸಿ, ಮಡಚಿ ಇಟ್ಟಿದ್ದರು. ಲೆಕ್ಕ ಹಾಕಿದೆ, ಐದು. ಮನೆಯಲ್ಲಿ ಉಳಿದ ಒಂಟಿಗಳನ್ನೆಲ್ಲ ಈಗ ಜೋಡಿ ಮಾಡಿದ್ದೇನೆ. ಎಲ್ಲದಕ್ಕೂ ಹೊಗೆ ವಾಸನೆ.

ದನದ ಡಾಕ್ಟ್ರು, ಈಗ ರಜೆ (ಆಗಸ್ಟ್ 9, ರಾತ್ರಿ 8:52)

ನಾದೋದು ಮರಿಯಾಗಿದ್ದಾಗಿನ ಅಭ್ಯಾಸ. ಹಾಲು ಬರಲಿ ಅಂತ ತಾಯಿಯ ಹೊಟ್ಟೆಯನ್ನು ಹಾಗೆ ಒತ್ತುತ್ತವೆ. ನಿಮ್ಮ ಮನೆಯವರು ಬೇಜಾರು ಮಾಡಿಕೊಳ್ಳೋದು ಬೇಡ. ಒಂದು ಕೆಲಸ ಹೇಳಿಕೊಡುತ್ತೇನೆ. ಅವನು ಆರಾಮಾಗಿ ಕೂತಿದ್ದಾಗ ಎದುರು ಕೂತು, ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ, ಮತ್ತೆ ನಿಧಾನವಾಗಿ ತೆಗೆಯಲಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಬೆಕ್ಕೂ ಹಾಗೇ ಕಣ್ಣು ಮಿಟುಕಿಸಿ ಉತ್ತರ ಕೊಡುತ್ತದೆ, ಹೊಸಬರ ಹತ್ತಿರವೂ ಬರುತ್ತದೆ.

ಇನ್ನೊಂದು, ಎರಡು ಮನೆಯವರೂ ಮಾತಾಡಿಕೊಂಡು ರೇಬಿಸ್ ಚುಚ್ಚುಮದ್ದು ಹಾಕಿಸಿ. 'ಅವರು ಹಾಕಿಸಿರ್ತಾರೆ' ಅಂತ ಇಬ್ಬರೂ ಸುಮ್ಮನಿರಬೇಡಿ. ಗಂಡು, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮಾಡಿಸಿಬಿಡಿ. ಇಲ್ಲದಿದ್ದರೆ ಸುಬೇದಾರ್ ಸಾಹೇಬರ ಗಸ್ತು ಮಾದಾಪುರ ದಾಟುತ್ತದೆ.

ಮೂರು ಬೆಕ್ಕಿನ ಮನೆ (ಆಗಸ್ಟ್ 9, ರಾತ್ರಿ 9:00)

ಅಜ್ಜಿ ಜೊತೆ ರಾಜಿ ಆಯ್ತಾ?

ಮಾದಾಪುರ ಮೇಷ್ಟ್ರು (ಆಗಸ್ಟ್ 9, ರಾತ್ರಿ 9:25)

ರಾಜಿ ಏನು, ಅಜ್ಜಿ ಒಣಮೀನು ಕಟ್ಟಿಕೊಟ್ಟರು. 'ರಾತ್ರಿ ನಿಮ್ಮಲ್ಲಿ ಉಪವಾಸ ಇರಬಾರದಲ್ಲ' ಅಂತ. ಹೆಂಡತಿ ವಾರಕ್ಕೊಂದು ಸಲ ಅಲ್ಲಿಗೆ ಹೋಗುತ್ತಾಳಂತೆ, ಕಡಂಬಿಟ್ಟು (ಇಲ್ಲಿಯ ಅಕ್ಕಿ ಕಡುಬು) ಕಲಿಯೋಕೆ. ಚುಚ್ಚುಮದ್ದಿಗೆ ಬರೋ ಶನಿವಾರ ಕರೆದುಕೊಂಡು ಹೋಗುತ್ತೇನೆ, ಅಜ್ಜಿಯೂ ಬರುತ್ತಾರೆ.

ಆದರೆ ಎರಡು ವಿಷಯ ತಲೆ ತಿನ್ನುತ್ತಿವೆ. ಬುಟ್ಟಿಯಲ್ಲಿ ನನ್ನ ಐದು ಕಾಲುಚೀಲದ ಕೆಳಗೆ ಇನ್ನೊಂದು ಇತ್ತು. ಗುಲಾಬಿ ಬಣ್ಣ, ಕೈ ಹೆಣಿಗೆಯದು, ಸಣ್ಣ ಮಗುವಿನದು. ನಮ್ಮ ಮನೆಯಲ್ಲೂ ಮಗು ಇಲ್ಲ, ಅಜ್ಜಿ ಮನೆಯಲ್ಲೂ ಇಲ್ಲ.

ಹೊರಡುವಾಗ ಅಜ್ಜಿಯೇ ಹೇಳಿದರು, 'ಮೂರೂವರೆಗೆ ಇಲ್ಲಿಂದ ಹೊರಡ್ತಾನೆ, ಒಂದು ನಿಮಿಷ ಆಚೆ ಈಚೆ ಇಲ್ಲ'. ಅಲ್ಲಿಂದ ನಮ್ಮ ಮನೆಗೆ ಹೆಚ್ಚೆಂದರೆ ಹತ್ತು ನಿಮಿಷದ ದಾರಿ. ನಮ್ಮಲ್ಲಿಗೆ ಅವನು ಬರೋದು ಆರೂವರೆಗೆ.

ಸುಮ್ನೆ ಓದೋನು (ಆಗಸ್ಟ್ 9, ರಾತ್ರಿ 9:31)

ಮಾದಾಪುರದ ಹತ್ತಿರ ಅಂದರೆ ಯಾವ ಕಡೆ, ಮೇಷ್ಟ್ರೇ? ನಮ್ಮ ಮೊಮ್ಮಗಳ ಕಾಲುಚೀಲ ಒಂದು ಕಾಣ್ತಾ ಇಲ್ಲ.